ಲೋಹ ವಡೆಯಲ್ಲ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆಯ ಬೋಟುಗಳಿಗೆ ರಜೆ. ನಮ್ಮಂಥ ಲೇಥ್ ಕೆಲಸದವರಿಗೆ ಊಟಕ್ಕೂ ಪುರುಸೊತ್ತಿಲ್ಲ. ಸವೆದ ಶಾಫ್ಟ್ (ತಿರುಗುವ ದಂಡ), ಉಪ್ಪುನೀರು ತಿಂದ ಬುಷ್ (ತೂತಿನೊಳಗೆ ಕೂರಿಸುವ ಲೋಹದ ಕೊಳವೆ), ಕಿರುಗುಟ್ಟುವ ಬೇರಿಂಗ್ (ಶಾಫ್ಟ್ ಸರಾಗವಾಗಿ ತಿರುಗಲು ಅದಕ್ಕೆ ತೊಡಿಸುವ ಉಕ್ಕಿನ ಬಳೆ) ಎಲ್ಲವೂ ಒಟ್ಟಿಗೇ ಬಂದು ಬೀಳುತ್ತವೆ. ಅಂಥದ್ದೊಂದು ಮಳೆಗಾಲದಲ್ಲಿ ನಾನು ಬೇರಿಂಗೊಂದನ್ನು ಶಾಫ್ಟಿಗೆ ತೊಡಿಸಲೆಂದು ಎಣ್ಣೆಯಲ್ಲಿ ಕಾಯಿಸಲು ಇಟ್ಟಿದ್ದಾಗ, ಐಟಿಐ ಮುಗಿಸಿ ಹೊಸದಾಗಿ ಸೇರಿದ ಹುಡುಗ ಕೇಳಿದ: “ಸರ್, ಬಿಸಿಯಾದರೆ ಉಕ್ಕು ಹಿಗ್ಗುತ್ತದೆ. ಹೊರಕ್ಕೂ ಹಿಗ್ಗಬೇಕು, ಒಳಕ್ಕೂ ಹಿಗ್ಗಬೇಕು. ಹಾಗಾದರೆ ತೂತು ಕಿರಿದಾಗಬೇಕಲ್ಲವೇ?”

ಪೆದ್ದು ಪ್ರಶ್ನೆಯೇನಲ್ಲ. ಎಣ್ಣೆಯಲ್ಲಿ ಉಬ್ಬುವ ಉದ್ದಿನ ವಡೆಯ ತೂತು ಮುಚ್ಚಿಕೊಳ್ಳುವುದನ್ನು ಕಂಡವರಿಗೆ ಹಾಗೆ ಅನ್ನಿಸಿಯೇ ಅನ್ನಿಸುತ್ತದೆ. ಆದರೆ ವಡೆ ಉಬ್ಬುವುದು ಒಳಗಿನ ಹಬೆಯಿಂದ. ಲೋಹದಲ್ಲಿ ಕಣಕಣಗಳ ನಡುವಿನ ಅಂತರವೇ ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ತೂತಿಲ್ಲದ ಬಿಲ್ಲೆಯ ಮೇಲೆ ಒಂದು ವೃತ್ತ ಗೀಚಿ ಕಾಯಿಸಿ ನೋಡಿ: ಬಿಲ್ಲೆಯ ಜೊತೆಗೆ ವೃತ್ತವೂ ದೊಡ್ಡದಾಗುತ್ತದೆ. ವೃತ್ತದೊಳಗಿನ ಲೋಹವನ್ನು ಮೊದಲೇ ಕತ್ತರಿಸಿ ತೆಗೆದಿದ್ದರೂ ಅದು ಅಷ್ಟೇ ದೊಡ್ಡದಾಗುತ್ತಿತ್ತು. ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿ ನೀರು ಹೊಯ್ಯುತ್ತಿದ್ದ ಕಮ್ಮಾರರಿಗೆ ಇದನ್ನು ಯಾರೂ ಪಾಠ ಮಾಡಬೇಕಾಗಿರಲಿಲ್ಲ.

ಎಷ್ಟು ಹಿಗ್ಗುತ್ತದೆ? ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು. 60 ಮಿ.ಮೀ. ತೂತಿನ ಬೇರಿಂಗನ್ನು 30 ಡಿಗ್ರಿಯಿಂದ 110ಕ್ಕೆ ಏರಿಸಿದರೆ ಸಿಗುವುದು ಹೆಚ್ಚುಕಡಿಮೆ 0.06 ಮಿ.ಮೀ., ಒಂದು ತಲೆಗೂದಲಿನ ದಪ್ಪ. ಅಷ್ಟು ಸಾಕು, ಸುತ್ತಿಗೆ ಏಟಿಲ್ಲದೆ ಬೇರಿಂಗ್ ಶಾಫ್ಟಿಗೆ ಜಾರಿ ಕೂರುತ್ತದೆ. 120 ದಾಟಿಸುವ ಆಸೆ ಬೇಡ, ಉಕ್ಕಿನ ಗಡಸುತನ ಕೆಡಬಹುದು.

ಇದೆಲ್ಲ ಇಡೀ ವಸ್ತು ಸಮನಾಗಿ ಬಿಸಿಯಾದರೆ ಮಾತ್ರ. ಹಿಂದೊಮ್ಮೆ ಅವಸರದಲ್ಲಿ ನಾನು ದಪ್ಪನೆಯ ಪುಲ್ಲಿಯೊಂದರ ತೂತಿನ ಅಂಚಿಗಷ್ಟೇ ಗ್ಯಾಸ್ ಜ್ವಾಲೆ ಹಿಡಿದು ಕೆಂಪಗೆ ಕಾಯಿಸಿದ್ದೆ. ಸುತ್ತಲಿನ ಲೋಹ ತಣ್ಣಗೇ ಇತ್ತು. ಅಂಚು ಹೊರಕ್ಕೆ ಹಿಗ್ಗಲು ಜಾಗ ಸಿಗದೆ ಅಲ್ಲೇ ಜಜ್ಜಿಕೊಂಡಿತು. ತಣಿದ ಮೇಲೆ ತೂತು ಮೊದಲಿಗಿಂತ ಕಿರಿದಾಗಿತ್ತು. ಮತ್ತೆ ಬೋರ್ ಮಾಡಿ ತೂತನ್ನು ಅಗಲಿಸಬೇಕಾಯಿತು, ನನ್ನದೇ ಖರ್ಚಿನಲ್ಲಿ. ಹುಡುಗನ ಅನುಮಾನಕ್ಕೂ ಇಂಥ ಕಡೆ ಜಾಗವಿದೆ ಎಂದು ಅವನಿಗೆ ಹೇಳಿದೆ.

ಮನೆಯಲ್ಲಿ ಒಂದರೊಳಗೊಂದು ಸಿಕ್ಕಿಕೊಂಡ ಸ್ಟೀಲ್ ಲೋಟಗಳನ್ನು ಜೊತೆಯಾಗಿಯೇ ಕುದಿಯುವ ನೀರಿಗೆ ಹಾಕುವವರಿದ್ದಾರೆ. ಎರಡೂ ಒಂದೇ ಸಮನೆ ಹಿಗ್ಗುತ್ತವೆ, ಬಿಗಿ ಹಾಗೆಯೇ ಉಳಿಯುತ್ತದೆ. ಒಳಗಿನದಕ್ಕೆ ತಣ್ಣೀರು ತುಂಬಿ, ಹೊರಗಿನದನ್ನಷ್ಟೇ ಬಿಸಿನೀರಿನಲ್ಲಿ ಅರೆ ನಿಮಿಷ ನಿಲ್ಲಿಸಿ ತಿರುಚಿ ಎಳೆಯಿರಿ. ಉಕ್ಕಿನೊಳಗೆ ಕೂತ ಹಿತ್ತಾಳೆ ಬುಷ್ ಬಿಡಿಸಲು ಎರಡನ್ನೂ ಜೊತೆಯಾಗಿ ಕಾಯಿಸುವುದು ಇನ್ನೂ ಕೆಟ್ಟದು: ಹಿತ್ತಾಳೆ ಹಿಗ್ಗುವ ಲೆಕ್ಕ ಉಕ್ಕಿನಂತೆ 12 ಪಾಲಲ್ಲ, ಸುಮಾರು 19. ಕಾಯಿಸಿದಷ್ಟೂ ಬುಷ್ ಇನ್ನಷ್ಟು ಬಿಗಿಯುತ್ತದೆ.