ಬೀದರ್‌ನಲ್ಲಿ ನೀರು ನೂರು ಡಿಗ್ರಿಗೆ ಕುದಿಯದು

ಬೀದರ್‌ನ ಯಾವುದೇ ಶಾಲೆಯಲ್ಲಿ ಕುದಿಯುವ ನೀರಿಗೆ ತಾಪಮಾನದ ಸೆನ್ಸರ್ ಇಳಿಬಿಟ್ಟು ನೋಡಿ. ಲ್ಯಾಪ್‌ಟಾಪಿನ ಪರದೆಯಲ್ಲಿ ಅಂಕಿ ಏರುತ್ತಾ ಹೋಗಿ 97.6ರ ಆಸುಪಾಸಿನಲ್ಲಿ ನಿಂತುಬಿಡಬಹುದು. ಪಠ್ಯಪುಸ್ತಕದಲ್ಲಿ ಇರುವುದು 100. ‘ಸರ್, ಸೆನ್ಸರ್ ಕೆಟ್ಟದ್ರಿ’ ಎಂದು ಮಕ್ಕಳು ತೀರ್ಪು ಕೊಡುತ್ತಾರೆ. ಆಗ ಶಿಕ್ಷಕರು ಏನು ಹೇಳುತ್ತಾರೆ ಎನ್ನುವುದರ ಮೇಲೆ ಇಡೀ ಪಾಠ ನಿಂತಿದೆ.

ಬೀದರ್ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಹೆಚ್ಚುಕಡಿಮೆ 930 ಹೆಕ್ಟೊಪ್ಯಾಸ್ಕಲ್, ಸಮುದ್ರಮಟ್ಟದಲ್ಲಿ 1013. ಒತ್ತಡ ಇಳಿದರೆ ನೀರು ಕಡಿಮೆ ತಾಪದಲ್ಲೇ ಕುದಿಯುತ್ತದೆ; ಪ್ರತಿ 300 ಮೀಟರ್ ಏರಿದಾಗ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಹಾಗಾಗಿ ಬೀದರ್‌ಗೆ 97.7, ಕಲಬುರಗಿಗೆ 98.5, ಯಾದಗಿರಿಗೆ 98.7 ಎಂದು ಲೆಕ್ಕ ಸಿಗುತ್ತದೆ. ಪರದೆಯ ಅಂಕಿ ಸರಿಯೇ ಇರಬಹುದು. ಸೆನ್ಸರೂ ಒಂದಿಷ್ಟು ಸುಳ್ಳು ಹೇಳುತ್ತಿರಬಹುದು. ಎರಡನ್ನೂ ಬೇರ್ಪಡಿಸಲು ಬಾರದಿದ್ದರೆ ಶಿಕ್ಷಕರಿಗೆ ಸೆನ್ಸರಿನ ತಂತಿ ಜೋಡಿಸುವುದನ್ನು ಕಲಿಸಿದ ತರಬೇತಿಯಿಂದ ಹೆಚ್ಚೇನೂ ಸಿಕ್ಕಂತಾಗಲಿಲ್ಲ.

ಜೋಡಣೆ ದೊಡ್ಡದೇನಲ್ಲ. ಸೆನ್ಸರಿನ ಅಂಕಿ ಓದಿ ಲ್ಯಾಪ್‌ಟಾಪಿಗೆ ಕಳಿಸುವ ಪುಟ್ಟ ಆರ್ಡುಯಿನೊ ಊನೊ ಬೋರ್ಡು, ಸ್ಟೀಲ್ ತುದಿಯ ಡಿಎಸ್18ಬಿ20 ಸೆನ್ಸರ್, 4.7 ಕಿಲೋ ಓಮ್‌ನ ಒಂದು ರೆಸಿಸ್ಟರ್, ಬೆಸುಗೆ ಇಲ್ಲದೆ ತಂತಿ ಸಿಕ್ಕಿಸುವ ಬ್ರೆಡ್‌ಬೋರ್ಡ್. ಸಾಮಾನ್ಯವಾಗಿ ಕೆಂಪು ತಂತಿ 5 ವೋಲ್ಟ್‌ಗೆ, ಕಪ್ಪು ಗ್ರೌಂಡ್‌ಗೆ, ಹಳದಿ 2ನೇ ಪಿನ್ನಿಗೆ; ರೆಸಿಸ್ಟರ್ ಕೆಂಪು ಮತ್ತು ಹಳದಿ ತಂತಿಗಳ ನಡುವೆ. ಅದರ ಪಟ್ಟಿಗಳು ಹಳದಿ, ನೇರಳೆ, ಕೆಂಪು. ಮೂರನೆಯ ಪಟ್ಟಿ ಕಂದು ಬಣ್ಣದ್ದಾದರೆ ಅದು 470 ಓಮ್. ಕಿಟ್‌ಗಳಲ್ಲಿ ಇವೆರಡೂ ಬೆರೆತು ಕೂತಿರುತ್ತವೆ. ಬಣ್ಣ ಬೇರೆ ಇರುವ ಸೆನ್ಸರ್ ಬಂದು ಕೆಂಪು-ಕಪ್ಪು ಅದಲುಬದಲಾದರೆ ಸ್ಟೀಲ್ ತುದಿ ಕೆಲವೇ ಕ್ಷಣಗಳಲ್ಲಿ ಬಿಸಿಯಾಗುತ್ತದೆ. ಕೂಡಲೇ ಯುಎಸ್‌ಬಿ ಕಿತ್ತುಬಿಡಿ.

ಪಾಠ ಕೆಡುವುದು ಹೆಚ್ಚಾಗಿ ಇದಕ್ಕಿಂತ ಸಣ್ಣ ಕಾರಣಗಳಿಂದ. ಮೊಬೈಲ್ ಚಾರ್ಜರಿನ ಜೊತೆ ಬಂದ ಕೆಲವು ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ: ಬೋರ್ಡಿನ ದೀಪ ಉರಿಯುತ್ತದೆ, ಲ್ಯಾಪ್‌ಟಾಪ್‌ಗೆ ಮಾತ್ರ ಬೋರ್ಡ್ ಕಾಣದು. ಅಗ್ಗದ ಬೋರ್ಡುಗಳನ್ನು ಲ್ಯಾಪ್‌ಟಾಪ್ ಗುರುತಿಸಲು ಸಿಎಚ್340 ಡ್ರೈವರ್ ಬೇಕಾಗಬಹುದು. ಅದನ್ನೂ, ಸೆನ್ಸರನ್ನು ಓದಲು ಬೇಕಾದ ಸಿದ್ಧ ಪ್ರೋಗ್ರಾಮುಗಳಾದ ಒನ್‌ವೈರ್, ಡಲ್ಲಾಸ್‌ಟೆಂಪರೇಚರ್ ಲೈಬ್ರರಿಗಳನ್ನೂ ಹಿಂದಿನ ದಿನವೇ ಇಳಿಸಿಕೊಂಡಿರಬೇಕು; ಪೀರಿಯಡ್ ನಡುವೆ ನೆಟ್‌ವರ್ಕ್ ಹುಡುಕುತ್ತಾ ಕೂತರೆ ಅಂದಿನ ಕಥೆ ಮುಗಿಯಿತು. ಪರದೆಯಲ್ಲಿ ಅರ್ಥವಿಲ್ಲದ ಅಕ್ಷರಗಳು ಬಂದರೆ ಬೋರ್ಡ್ ಕಳಿಸುವ ಅಂಕಿ ತೋರಿಸುವ ಸೀರಿಯಲ್ ಮಾನಿಟರಿನ ವೇಗವೂ ಪ್ರೋಗ್ರಾಮಿನ ವೇಗವೂ, ಅಂದರೆ 9600, ಹೊಂದಿಲ್ಲ ಎಂದರ್ಥ. ಕರೆಂಟ್ ಹೋದಾಗ ಬೋರ್ಡನ್ನು ಪವರ್ ಬ್ಯಾಂಕಿಗೆ ಹಾಕಿ ಓಡಿಸೋಣ ಅಂದುಕೊಂಡರೆ ಅದಕ್ಕೂ ತೊಡಕುಂಟು. ಊನೊ ಎಳೆಯುವ ಕರೆಂಟು ತೀರಾ ಕಡಿಮೆಯಾದ್ದರಿಂದ ಫೋನ್ ಚಾರ್ಜ್ ಆಗಿ ಮುಗಿಯಿತೆಂದು ತಿಳಿದು ಹಲವು ಪವರ್ ಬ್ಯಾಂಕ್‌ಗಳು ತಾವಾಗಿಯೇ ಆರಿಬಿಡುತ್ತವೆ.

ಇನ್ನು ಸೆನ್ಸರಿನ ಸುಳ್ಳುಗಳು. ಪರದೆಯಲ್ಲಿ −127 ಬಂದರೆ ಅದು ತಾಪಮಾನವೇ ಅಲ್ಲ, ‘ಸೆನ್ಸರ್ ಸಿಗುತ್ತಿಲ್ಲ’ ಎಂದು ಲೈಬ್ರರಿ ಹೇಳುವ ರೀತಿ. ರೆಸಿಸ್ಟರ್ ಬಿಟ್ಟುಹೋದಾಗಲೂ ಇದೇ ಬರುತ್ತದೆ. 85 ಇದಕ್ಕಿಂತ ತಂಟೆಯದು. ವಿದ್ಯುತ್ ಸಿಕ್ಕ ಕೂಡಲೇ ಸೆನ್ಸರಿನ ನೆನಪಿನಲ್ಲಿ ಕೂತಿರುವ ಅಂಕಿ 85. ಮೊದಲ ಅಳತೆ ಮುಗಿಯಲು ಅದಕ್ಕೆ 750 ಮಿಲಿಸೆಕೆಂಡ್ ಬೇಕು. ಅಷ್ಟರೊಳಗೆ ಓದಿದರೆ, ಇಲ್ಲವೇ ಸಡಿಲವಾದ ತಂತಿ ಒಮ್ಮೆ ಬಿಟ್ಟು ಹಿಡಿದರೆ, 85 ಕಾಣಿಸುತ್ತದೆ. ನೀರು ಕಾಯಿಸುವಾಗ ನಿಜವಾದ 85 ಕೂಡ ಬಂದೇ ಬರುತ್ತದಲ್ಲ! ಹಾಗಾಗಿ 85 ಕಂಡಲ್ಲೆಲ್ಲ ಅಳಿಸಿಹಾಕುವಂತಿಲ್ಲ. ಅಕ್ಕಪಕ್ಕದ ಅಂಕಿ ನೋಡಬೇಕು: 61, 85, 61 ಎಂದಿದ್ದರೆ ಸುಳ್ಳು, 84.5, 85, 85.4 ಎಂದಿದ್ದರೆ ನಿಜ. ತರಬೇತಿಯಲ್ಲಿ ರೆಸಿಸ್ಟರ್ ಕಿತ್ತ, ತಂತಿ ಸಡಿಲಿಸಿದ ಕಿಟ್‌ಗಳನ್ನು ಬೇಕೆಂದೇ ಕೊಟ್ಟು ಶಿಕ್ಷಕರಿಂದಲೇ ದೋಷ ಹುಡುಕಿಸುವುದು, ನನ್ನ ಅಭಿಪ್ರಾಯದಲ್ಲಿ, ಅರ್ಧ ದಿನದ ಭಾಷಣಕ್ಕಿಂತ ಮೇಲು. ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲೂ ಇದನ್ನು ಮಾಡಬಹುದು.

ಸೆನ್ಸರಿನ ತಪ್ಪೆಷ್ಟು ಎಂದು ಮೊದಲು ಐಸ್‌ನಲ್ಲಿ ನೋಡಿಕೊಳ್ಳಿ. ಪುಡಿ ಮಾಡಿದ ಐಸ್‌ಗೆ ಸ್ವಲ್ಪ ನೀರು ಸೇರಿಸಿ ಕಲಕಿದರೆ ಸೊನ್ನೆ ಸಿಗುತ್ತದೆ. ಫ್ರೀಜರಿನಿಂದ ಆಗತಾನೆ ತೆಗೆದ ಐಸ್ ಸೊನ್ನೆಗಿಂತ ಕೆಳಗಿರುತ್ತದೆ. −10ರಿಂದ 85ರವರೆಗೆ ಈ ಸೆನ್ಸರಿಗೆ ಅರ್ಧ ಡಿಗ್ರಿ ಹೆಚ್ಚುಕಡಿಮೆಯ ಭರವಸೆ ಇದೆ. 85ರ ಮೇಲೆ ಆ ಭರವಸೆ ಎರಡು ಡಿಗ್ರಿಗೆ ಸಡಿಲವಾಗುತ್ತದೆ. ಬೀದರ್‌ನಲ್ಲಿ ನಾವು ಹುಡುಕುತ್ತಿರುವ ಇಳಿಕೆಯೇ 2.3 ಡಿಗ್ರಿ! ಒಂದೇ ಸೆನ್ಸರಿನ 97.6 ನಂಬಿ ಪಾಠ ಮಾಡುವುದು ಅವಸರವಾದೀತು.

ಅದಕ್ಕೆ ಉಪಾಯವಿದೆ: ಒಂದೇ ಸೆನ್ಸರನ್ನು ಬೀದರ್, ಕಲಬುರಗಿ, ಯಾದಗಿರಿ ಮೂರೂ ಊರುಗಳಿಗೆ ಕಳಿಸಿ. ಅರ್ಧ ಡಿಗ್ರಿ ಹೆಚ್ಚು ತೋರಿಸುವ ಸೆನ್ಸರ್ ಎಲ್ಲ ಊರಲ್ಲೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚು ತೋರಿಸುತ್ತದೆ. ಅಂಕಿ ತಪ್ಪಾದರೂ ಬೀದರ್-ಯಾದಗಿರಿ ನಡುವಿನ ಒಂದು ಡಿಗ್ರಿ ವ್ಯತ್ಯಾಸ ಉಳಿಯುತ್ತದೆ. ಸ್ಪಿರಿಟ್ ದೀಪ ನಂಬಿದರೆ ನೀರು ಕುದಿಯುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. ಬಿಸಿಯೂಟದ ಅಡುಗೆಮನೆಯಿಂದ 300 ಮಿಲಿಲೀಟರ್ ಬಿಸಿನೀರು ತಂದು ಶುರುಮಾಡಿ, ಫ್ಯಾನ್ ನಿಲ್ಲಿಸಿ. ಸ್ಟೀಲ್ ತುದಿ ತಳಕ್ಕೆ ತಾಗಿದರೆ ಅಂಕಿ ಏರುತ್ತದೆ. ಎರಡು ಸೆಂಟಿಮೀಟರ್ ಮೇಲಿರಲಿ. ಪ್ಲಾಸ್ಟಿಕ್ ಕೇಬಲ್ಲು ಉರಿಯಿಂದ ದೂರವಿರಲಿ.

‘ನಮ್ಮೂರ ಬೋರ್‌ವೆಲ್ ನೀರು ಉಪ್ಪು, ಅದಕ್ಕೇ ಹೀಗೆ’ ಎಂದು ಒಬ್ಬರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಉಪ್ಪು ಕುದಿಬಿಂದುವನ್ನು ಏರಿಸುತ್ತದೆ, ಅದೂ ಲೀಟರಿಗೆ 58 ಗ್ರಾಂ ಕರಗಿಸಿದರೆ ಸುಮಾರು ಒಂದು ಡಿಗ್ರಿ. ಲೀಟರಿಗೆ ಒಂದೆರಡು ಗ್ರಾಂ ಲವಣದ ಪರಿಣಾಮ ಈ ಸೆನ್ಸರಿಗೆ ಕಾಣುವುದೇ ಇಲ್ಲ, ಅದರ ಅತಿ ಸಣ್ಣ ಹೆಜ್ಜೆಯೇ 0.0625 ಡಿಗ್ರಿ.

ಆ ಹೆಜ್ಜೆಯೇ ಗಣಿತ ಶಿಕ್ಷಕರ ಕೆಲಸವನ್ನು ಶುರುಮಾಡಿಸುತ್ತದೆ. 97.56, 97.63, 97.69 ಎಂದು ಅಂಕಿ ಕುಣಿದಾಗ ಲ್ಯಾಪ್‌ಟಾಪಿನಲ್ಲಿ ಗ್ರಾಫ್ ಬಿಡಿಸುವ ಸೀರಿಯಲ್ ಪ್ಲಾಟರ್ ತನ್ನಷ್ಟಕ್ಕೆ ಅಕ್ಷ ಹಿಗ್ಗಿಸಿ ಅದನ್ನು ಬೆಟ್ಟಗುಡ್ಡದಂತೆ ತೋರಿಸುತ್ತದೆ. ಅದೇ ಅಂಕಿಗಳನ್ನು ಸೊನ್ನೆಯಿಂದ ನೂರರವರೆಗಿನ ಗ್ರಾಫ್ ಹಾಳೆಯಲ್ಲಿ ಕೈಯಿಂದ ಗುರುತಿಸಿದರೆ ಅಡ್ಡಗೆರೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಅಕ್ಷದ ಅಳತೆ ಯಾಕೆ ನೋಡಬೇಕೆಂದು ಮಕ್ಕಳನ್ನೇ ಕೇಳಿ. ಆಮೇಲೆ ಎತ್ತರವನ್ನು x, ಕುದಿಬಿಂದುವನ್ನು y ಮಾಡಿಕೊಂಡು ಮೂರು ಊರಿನ ಬಿಂದುಗಳನ್ನು ಇಟ್ಟರೆ 9ನೇ ತರಗತಿಯ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ ಹಾಳೆಯ ಮೇಲೇ ಸಿಗುತ್ತದೆ: y = 100 − x/300. ಯಾವ ಎರಡು ಬಿಂದುಗಳ ನಡುವೆಯೂ ಗೆರೆ ಎಳೆಯಬಹುದು. ಮೂರನೆಯದಾದ ಕಲಬುರಗಿ ಅದರ ಮೇಲೆ ಕೂರುತ್ತದೆಯೇ ಎನ್ನುವುದೇ ಪರೀಕ್ಷೆ. ಮೂರೂ ಅಳತೆಗಳನ್ನು ಒಂದೇ ವಾರದಲ್ಲಿ ಮುಗಿಸಿ: ಒತ್ತಡ 10 ಹೆಕ್ಟೊಪ್ಯಾಸ್ಕಲ್ ಬದಲಾದರೂ ಕುದಿಬಿಂದು ಕಾಲು ಡಿಗ್ರಿಗಿಂತ ಹೆಚ್ಚು ಸರಿಯುತ್ತದೆ, ಕಲಬುರಗಿ-ಯಾದಗಿರಿ ನಡುವಿನ ಅಂತರ ಅದರಲ್ಲೇ ಮುಚ್ಚಿಹೋಗುತ್ತದೆ.