ಎಂ6 ಥ್ರೆಡ್‌ಗೆ 5 ಮಿ.ಮೀ. ತೂತು ಸಾಲದಾದಾಗ

ಶಾಪ್ ಫ್ಲೋರ್‌ನಿಂದ ಫೋನ್ ಬಂತು. "ಸಾರ್, ಮೊದಲ ಪೀಸ್‌ನಲ್ಲೇ ಟ್ಯಾಪ್ ಮುರೀತು." ಟ್ಯಾಪ್ ಅಂದರೆ ತೂತಿನೊಳಗೆ ಥ್ರೆಡ್, ಅಂದರೆ ಬೋಲ್ಟ್ ಕೂರುವ ಸುರುಳಿ ಸುತ್ತು, ಮೂಡಿಸುವ ಉಪಕರಣ. ಡ್ರಾಯಿಂಗ್ ತೆಗೆದು ನೋಡಿದೆ. ಅಲ್ಯೂಮಿನಿಯಂ ಹೌಸಿಂಗ್, ಎಂ6 ಥ್ರೆಡ್ (6 ಮಿ.ಮೀ. ಬೋಲ್ಟಿನದು), ತೂತು 5 ಮಿ.ಮೀ. ಸಾಲಿಡ್‌ವರ್ಕ್ಸ್‌ನ ಹೋಲ್ ವಿಝರ್ಡ್ (ಈ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ತೂತು ಹಾಕುವ ಟೂಲ್) ಕೊಟ್ಟ ಅಳತೆಯೇ ಅದು. ತಪ್ಪೇನೂ ಕಾಣಲಿಲ್ಲ. ಕೆಳಗೆ ಹೋಗಿ ಮುರಿದ ಟ್ಯಾಪ್ ಕೈಗೆ ತೆಗೆದುಕೊಂಡ ಮೇಲೆ ವಿಷಯ ಗೊತ್ತಾಯಿತು. ಅದು ಫಾರ್ಮಿಂಗ್ ಟ್ಯಾಪ್.

ಮಾಮೂಲಿ ಟ್ಯಾಪ್ ಲೋಹವನ್ನು ಕತ್ತರಿಸಿ ಥ್ರೆಡ್ ಮಾಡುತ್ತದೆ. ಫಾರ್ಮಿಂಗ್ ಟ್ಯಾಪ್ ಕತ್ತರಿಸುವುದಿಲ್ಲ, ಲೋಹವನ್ನು ಒತ್ತಿ ಪಕ್ಕಕ್ಕೆ ಸರಿಸುತ್ತದೆ. ಹಾಗೆ ಸರಿದ ಲೋಹಕ್ಕೆ ಜಾಗ ಬೇಕಲ್ವಾ? ಅದಕ್ಕೇ ತೂತು ದೊಡ್ಡದಿರಬೇಕು. ಕತ್ತರಿಸುವ ಟ್ಯಾಪ್‌ಗೆ ಥ್ರೆಡ್ಡಿನ ಅಳತೆಯಲ್ಲಿ ಪಿಚ್, ಅಂದರೆ ಥ್ರೆಡ್ಡಿನ ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ದೂರ, ಕಳೆಯುತ್ತೇವೆ: 6ರಲ್ಲಿ 1 ಹೋದರೆ 5. ಫಾರ್ಮಿಂಗ್ ಟ್ಯಾಪ್‌ಗೆ ಹೆಚ್ಚುಕಡಿಮೆ ಅರ್ಧ ಪಿಚ್ ಕಳೆದರೆ ಸಾಕು. ಎಂ6ಕ್ಕೆ ಸುಮಾರು 5.55, ಎಂ8ಕ್ಕೆ 7.4. ಕೊನೆಯ ಅಳತೆಯನ್ನು ಟ್ಯಾಪ್ ತಯಾರಕರ ಕೆಟಲಾಗ್ ನೋಡಿಯೇ ಹಾಕಿ, ಯಾಕೆಂದರೆ ಇಲ್ಲಿ 0.1 ಮಿ.ಮೀ. ಕೂಡ ಸಣ್ಣದಲ್ಲ.

ಇಂಥ ಅಳತೆಯನ್ನು ಸಾಫ್ಟ್‌ವೇರ್‌ಗೆ ಸೇರಿಸುವುದು ಹೇಗೆ? ಹೋಲ್ ವಿಝರ್ಡ್‌ನಲ್ಲಿ 'ಶೋ ಕಸ್ಟಮ್ ಸೈಝಿಂಗ್' ಟಿಕ್ ಮಾಡಿ ಅಲ್ಲೇ ಅಳತೆ ಬದಲಿಸಬಹುದು. ಒಂದೇ ಒಂದು ತೂತಿಗೆ ಅದು ಸರಿ. ಆದರೆ ಪಟ್ಟಿಯಲ್ಲಿ ಎಂ6 ಅಂದರೆ 5 ಅಂತಲೇ ಉಳಿದಿರುತ್ತದೆ. ನಾಳೆ ನಿಮ್ಮ ಪಕ್ಕದ ಮೇಜಿನವರು ಅದನ್ನೇ ಆರಿಸುತ್ತಾರೆ, ಇನ್ನೊಂದು ಟ್ಯಾಪ್ ಮುರಿಯುತ್ತದೆ.

ಪಟ್ಟಿಗೇ ಸೇರಿಸಬೇಕು. ಟೂಲ್ಸ್, ಆಪ್ಷನ್ಸ್, ಸಿಸ್ಟಮ್ ಆಪ್ಷನ್ಸ್‌ಗೆ ಹೋಗಿ 'ಹೋಲ್ ವಿಝರ್ಡ್/ಟೂಲ್‌ಬಾಕ್ಸ್'ನಲ್ಲಿ 'ಕಾನ್ಫಿಗರ್' ಒತ್ತಿ. ಅಲ್ಲಿರುವ ಐಎಸ್‌ಒ ಸ್ಟ್ಯಾಂಡರ್ಡನ್ನು ಮುಟ್ಟಬೇಡಿ. ಅದರ ಕಾಪಿ ಮಾಡಿ, ನಿಮ್ಮ ಕಂಪನಿಯ ಹೆಸರಿಡಿ. ಅದರಲ್ಲಿ ಟ್ಯಾಪ್ ಮಾಡುವ ತೂತುಗಳ ಪಟ್ಟಿ ತೆರೆದು ಹೊಸ ಸೈಜ್ ಸೇರಿಸಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಇರುವ ಎಂ6 ಸಾಲನ್ನೇ ತಿದ್ದಬೇಡಿ. ಬೀಡುಕಬ್ಬಿಣ ಒತ್ತಿದರೆ ಸರಿಯುವುದಿಲ್ಲ, ಒಡೆಯುತ್ತದೆ. ಅದಕ್ಕೆ ಕತ್ತರಿಸುವ ಟ್ಯಾಪೇ ಬೇಕು, 5 ಮಿ.ಮೀ. ತೂತೇ ಬೇಕು. ಅದೇ ಸಾಲಿನಲ್ಲಿ 5.55 ಬರೆದುಬಿಟ್ಟರೆ ಆ ಪೀಸ್‌ಗಳಲ್ಲಿ ಥ್ರೆಡ್ ಅರ್ಧಂಬರ್ಧ ಮೂಡುತ್ತದೆ. ಟ್ಯಾಪ್ ಮುರಿದರೆ ಅಲ್ಲೇ ಗೊತ್ತಾಗುತ್ತದೆ. ಸೋತ ಥ್ರೆಡ್ ಗೊತ್ತಾಗುವುದು ಗಿರಾಕಿಯ ಕಡೆ ಬೋಲ್ಟ್ ಬಿಗಿ ಮಾಡುವಾಗ. ಹಾಗಾಗಿ ಹೊಸ ಸಾಲು ಬೇರೆಯೇ ಇರಲಿ, ಹೆಸರಲ್ಲೇ 'ಎಂ6 ಫಾರ್ಮಿಂಗ್' ಅಂತ ಸ್ಪಷ್ಟವಾಗಿರಲಿ.

ಈ ಪಟ್ಟಿ ನಿಮ್ಮ ಒಂದು ಕಂಪ್ಯೂಟರಿನಲ್ಲಿ ಮಾತ್ರ ಇದ್ದರೆ ಮಾಡಿದ ಕೆಲಸ ಸುಮ್ನೆ. ಟೂಲ್‌ಬಾಕ್ಸ್ ಫೋಲ್ಡರನ್ನು (ಪಟ್ಟಿ ಇರುವುದು ಅದರಲ್ಲೇ) ಸರ್ವರ್‌ನಲ್ಲಿಟ್ಟು ಎಲ್ಲರ ಕಂಪ್ಯೂಟರಿನಲ್ಲೂ ಆಪ್ಷನ್ಸ್‌ನಲ್ಲಿ ಅದೇ ಜಾಗ ತೋರಿಸಿ. ತಿದ್ದುವ ಅಧಿಕಾರ ಒಬ್ಬರಿಗೆ ಮಾತ್ರ ಇರಲಿ. ಆ ಒಬ್ಬರು ಟೂಲ್‌ರೂಮ್‌ಗೆ ಆಗಾಗ ಹೋಗಿ, ಅಲ್ಲಿ ಈಗ ಯಾವ ಟ್ಯಾಪ್ ಸ್ಟಾಕ್ ಇದೆ ಅಂತ ಕಣ್ಣಾರೆ ನೋಡುವವರಾಗಿರಬೇಕು.

ಸಾಫ್ಟ್‌ವೇರ್‌ನ ಹೊಸ ವರ್ಷನ್ ಹಾಕುವ ಮುಂಚೆ ಆ ಫೋಲ್ಡರಿನ ಒಂದು ಕಾಪಿ ತೆಗೆದಿಡಿ. ಹಾಕಿದ ಮೇಲೆ ಒಂದು ಬ್ಲಾಕ್‌ನಲ್ಲಿ 'ಎಂ6 ಫಾರ್ಮಿಂಗ್' ತೂತು ಮಾಡಿ, ಡ್ರಾಯಿಂಗ್‌ಗೆ ತಂದು ಹೋಲ್ ಕಾಲೌಟ್ (ತೂತಿನ ಅಳತೆ ತೋರಿಸುವ ಬರಹ) ಹಾಕಿ. 5.55 ಬಂತಾ ನೋಡಿ.