ಒಂದು ಎಳೆತ, ಒಂದು ಒರೆತ

ಮನಸ್ಸು ಹಗುರವಾಗಲಿ ಎಂದು ತೈಲವರ್ಣ ಹಿಡಿಯುವವರು ಬಹುಪಾಲು ಮೊದಲು ಆರಿಸುವುದು ನೀರಿನ ದೃಶ್ಯವನ್ನೇ. ಮುಂಬಯಿಯಲ್ಲಿ ಅದಕ್ಕೇನೂ ಬರವಿಲ್ಲ: ವರ್ಲಿಯ ಕಡಲು, ಪೊವಾಯಿ ಕೆರೆ, ವಾಲ್ಕೇಶ್ವರದ ಬಾಣಗಂಗಾ ಪುಷ್ಕರಿಣಿ, ಡೊಂಬಿವಲಿಯಿಂದ ಬರುವವರಿಗೆ ಮುಂಬ್ರಾ ಹತ್ತಿರ ರೈಲಿನ ಕಿಟಕಿಗೇ ಸಿಗುವ ಖಾಡಿ, ಅಂದರೆ ಕಡಲಿನ ಹಿನ್ನೀರು. ಆದರೂ ಎಷ್ಟೋ ಜನರಿಗೆ ಅರ್ಧ ಗಂಟೆಯೊಳಗೆ ಭುಜ ಬಿಗಿಯುತ್ತದೆ, ಕ್ಯಾನ್ವಾಸಿನ ಮೇಲೆ ಬೂದು ರಾಡಿ ಏಳುತ್ತದೆ, ಇದು ತಮಗೆ ಆಗದ ಕೆಲಸ ಎಂದು ಬ್ರಷ್ ಇಟ್ಟುಬಿಡುತ್ತಾರೆ. ಕೈ ಆ ಬಣ್ಣದ ನಿಧಾನಕ್ಕೆ ಒಗ್ಗಿದಾಗ ಸಮಾಧಾನ ಬರುತ್ತದೆ. ಕೈ ಒಗ್ಗುವುದು ಕೆಲವು ಸಣ್ಣ ತಾಂತ್ರಿಕ ಅಭ್ಯಾಸಗಳಿಂದ, ಅವನ್ನು ಯಾರು ಬೇಕಾದರೂ ಕಲಿಯಬಹುದು.

ಕಲೆಗೂ ಮನಸ್ಸಿನ ಒತ್ತಡಕ್ಕೂ ಇರುವ ನಂಟಿನ ಬಗ್ಗೆ 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. 39 ವಯಸ್ಕರಿಗೆ 45 ನಿಮಿಷ ಕಲೆಯ ಕೆಲಸ ಕೊಟ್ಟು, ಅದಕ್ಕೆ ಮೊದಲೂ ಆಮೇಲೂ ಲಾಲಾರಸದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಮೊದಲೇ ಕಲೆ ಗೊತ್ತಿತ್ತೋ ಇಲ್ಲವೋ ಎಂಬುದರಿಂದ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರಿಗೆ ಕೊಟ್ಟಿದ್ದು ಮಾರ್ಕರ್, ಜೇಡಿಮಣ್ಣು, ಕೊಲಾಜ್ ಸಾಮಗ್ರಿ, ತೈಲವರ್ಣವಲ್ಲ. ಉಳಿದ ಕಾಲು ಪಾಲಿನವರಲ್ಲಿ ಕಾರ್ಟಿಸಾಲ್ ಇಳಿಯಲಿಲ್ಲ ಎಂಬುದನ್ನೂ ನೆನಪಿಡಬೇಕು. ಹಾಗಾಗಿ ಇದನ್ನು ಚಿಕಿತ್ಸೆ ಎಂದು ಕರೆಯಲಾರೆ. ವಾರಗಟ್ಟಲೆ ನಿದ್ದೆ ಕೆಟ್ಟಿದ್ದರೆ, ಕಳವಳ ದಿನಚರಿಯನ್ನೇ ಹಾಳುಮಾಡಿದ್ದರೆ ವೈದ್ಯರಲ್ಲಿಗೆ ಹೋಗಬೇಕು, ಚಿತ್ರ ಅದರ ಜೊತೆಗಿರಲಿ.

ತೈಲವರ್ಣವೇ ಏಕೆ? ಜಲವರ್ಣದಲ್ಲಿ ಒಮ್ಮೆ ಬಿಟ್ಟ ಬಣ್ಣವನ್ನು ಹಿಂದಕ್ಕೆ ಪಡೆಯುವುದು ಕಷ್ಟ. ಅಕ್ರಿಲಿಕ್ ಫ್ಯಾನಿನ ಗಾಳಿಗೆ ಹತ್ತು ನಿಮಿಷದಲ್ಲೇ ಬಿಗಿದು ಅವಸರ ಹುಟ್ಟಿಸುತ್ತದೆ. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ತೆಳುವಾಗಿ ಹಚ್ಚಿದ ಅಂಬರ್ ಎಂಬ ಕಂದು ಬಣ್ಣ ಎರಡು ಮೂರು ದಿನದಲ್ಲಿ ಕೈಗೆ ಅಂಟದಂತಾದರೆ, ಬಿಳಿ ಬಣ್ಣಕ್ಕೆ ವಾರವೂ ಬೇಕಾಗಬಹುದು. ಈ ಹೊತ್ತು ಪೂರ್ತಿ ನಿಮ್ಮದು. ತಪ್ಪಿದರೆ ಬಟ್ಟೆಯಲ್ಲಿ ಒರೆಸಿ, ಅಥವಾ ಹಾಗೇ ಬಿಟ್ಟು ಮರುದಿನ ಅದೇ ಹಸಿ ಬಣ್ಣದ ಮೇಲೆ ಮುಂದುವರಿಸಿ.

ಮೊದಲ ಚಿತ್ರಕ್ಕೆ 10×12 ಇಂಚಿನ ಕ್ಯಾನ್ವಾಸ್ ಬೋರ್ಡ್ ಸಾಕು, ಚಿಕ್ಕದಾದರೆ ಕೈ ಮಣಿಕಟ್ಟಿನಲ್ಲೇ ಸಿಕ್ಕಿಕೊಳ್ಳುತ್ತದೆ. ಬಣ್ಣ ಐದೇ ಇರಲಿ: ಟೈಟಾನಿಯಂ ವೈಟ್, ಅಲ್ಟ್ರಾಮರೀನ್ ಬ್ಲೂ, ವಿರಿಡಿಯನ್ (ಹಸಿರು), ಯೆಲ್ಲೋ ಓಕರ್ (ಮಣ್ಣುಹಳದಿ), ಬರ್ನ್ಟ್ ಸಿಯೆನ್ನಾ (ಕೆಂಗಂದು). ಕಪ್ಪು ಬೇಡ. ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನ್ನಾ ಸೇರಿಸಿದರೆ ಸಿಗುವ ಕಡುಬೂದು ನೀರಿನ ಆಳಕ್ಕೆ ಕಪ್ಪಿಗಿಂತ ಚೆನ್ನಾಗಿ ಒಪ್ಪುತ್ತದೆ. 6 ಮತ್ತು 10ನೇ ನಂಬರಿನ ಚಪ್ಪಟೆ ಗಡಸು ಬ್ರಷ್, ಒಂದೂವರೆ ಇಂಚಿನ ಮೃದುವಾದ ಅಗಲ ಬ್ರಷ್, ಬಣ್ಣ ಕಲಸುವ ಒಂದು ಚೂರಿ (ಪ್ಯಾಲೆಟ್ ನೈಫ್), ಹಳೆಯ ಹತ್ತಿ ಪಂಚೆಯ ತುಂಡುಗಳು ಬೇಕು. ಆ ಬಟ್ಟೆಯನ್ನು ಧಾರಾಳವಾಗಿ ಇಟ್ಟುಕೊಳ್ಳಿ, ಮುಂದೆ ಹೇಳುವ ಕೆಲಸವೆಲ್ಲ ಅದರ ಮೇಲೆಯೇ ನಿಂತಿದೆ.

ಹೊಸಬರು ನೀರೆಂದ ಕೂಡಲೇ ನೀಲಿ ಹಿಸುಕುತ್ತಾರೆ. ಮುಂಬಯಿಯ ಕಡಲು ವರ್ಷದ ಬಹುಭಾಗ ನೀಲಿಯಲ್ಲ. ಖಾಡಿಗಳ ಹೂಳು ಸೇರಿ ಅದು ಹಸಿರು ಬೆರೆತ ಕಂದುಬೂದಿಯಾಗಿರುತ್ತದೆ, ಮಳೆಗಾಲದಲ್ಲಿ ಇನ್ನೂ ಕೆಂಪಾಗುತ್ತದೆ. ಬಿಳಿಗೆ ಸ್ವಲ್ಪ ಓಕರ್, ಅದರ ಅರ್ಧದಷ್ಟು ಅಲ್ಟ್ರಾಮರೀನ್, ಚಿಟಿಕೆಯಷ್ಟು ಬರ್ನ್ಟ್ ಸಿಯೆನ್ನಾ ಸೇರಿಸಿ ಆ ಬಣ್ಣದಿಂದ ಶುರುಮಾಡಿ. ನೀಲಿ ಬೇಕಾದಲ್ಲಿ ಆಮೇಲೆ ಸೇರಿಸಬಹುದು.

ಆದರೆ ಮೊದಲ ಚಿತ್ರಕ್ಕೆ ಕಡಲನ್ನು ಆರಿಸಬೇಡಿ. ತೆರೆ ಒಡೆಯುವುದನ್ನು ಹಿಡಿಯಹೊರಟರೆ ಕೈಗೆ ಅವಸರ ಬರುತ್ತದೆ. ಬಾಣಗಂಗೆಯಂತಹ ನಿಂತ ನೀರು, ಅಥವಾ 1891ರಲ್ಲಿ ಕಟ್ಟಿದ ಪೊವಾಯಿ ಕೆರೆಯ ಬೆಳಗಿನ ಹೊತ್ತು ಒಳ್ಳೆಯದು. ದಡದಲ್ಲಿ ನಿಂತು ಹತ್ತು ನಿಮಿಷ ಬರೀ ನೋಡಿ. ಕಾಲಬುಡದ ನೀರಿನಲ್ಲಿ ತಳದ ಬಣ್ಣ ಕಾಣುತ್ತದೆ, ದೂರದ ನೀರಿನಲ್ಲಿ ಆಕಾಶ ಮಾತ್ರ. ನೋಟ ಓರೆಯಾದಷ್ಟೂ ನೀರು ಹೆಚ್ಚು ಪ್ರತಿಫಲಿಸುತ್ತದೆ. ಪ್ರತಿಬಿಂಬ ವಸ್ತುವಿನ ನೇರ ಕೆಳಗೇ ಬೀಳುತ್ತದೆ; ನೆರಳಿನಂತೆ ಬಿಸಿಲಿನ ದಿಕ್ಕಿಗೆ ಓರೆಯಾಗುವುದಿಲ್ಲ. ಕಡುಬಣ್ಣದ ಗೋಡೆ ನೀರಿನಲ್ಲಿ ತುಸು ತಿಳಿಯಾಗಿ ಕಾಣುತ್ತದೆ, ಬಿಳಿ ಗೋಡೆ ತುಸು ಮಬ್ಬಾಗಿ. ಕಿರುದೆರೆ ಎದ್ದರೆ ಪ್ರತಿಬಿಂಬ ವಸ್ತುವಿಗಿಂತ ಉದ್ದವಾಗುತ್ತದೆ. ಈ ನಾಲ್ಕು ಮಾತು ಸರಿಯಾದರೆ ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ.

ಈಗ ಮುಖ್ಯವಾದ ಕೆಲಸ. ನೀರಿನ ಭಾಗಕ್ಕೆ ಮೇಲೆ ಹೇಳಿದಂತೆ ಬೆರೆಸಿದ ಬಣ್ಣವನ್ನು ತೆಳುವಾಗಿ, ಸಮವಾಗಿ ಹಚ್ಚಿ. ಅದು ಹಸಿಯಿರುವಾಗಲೇ ಮೆಟ್ಟಿಲು, ಮರ, ಗೋಡೆಯ ಪ್ರತಿಬಿಂಬಗಳನ್ನು 6ನೇ ನಂಬರಿನ ಬ್ರಷ್‌ನಲ್ಲಿ ಮೇಲಿನಿಂದ ಕೆಳಕ್ಕೆ ಎಳೆಯಿರಿ. ಬಣ್ಣ ಕೆನೆಮೊಸರಿನ ಹದದಲ್ಲಿರಲಿ. ಬಳಿಕ ಒಣಗಿದ, ಚೊಕ್ಕಟವಾದ ಅಗಲ ಬ್ರಷ್ ಹಿಡಿದು, ಅದರ ತುದಿ ಮಾತ್ರ ತಾಗುವಂತೆ ಎಡದಿಂದ ಬಲಕ್ಕೆ ಒಂದೇ ಸಲ ಹಗುರವಾಗಿ ಎಳೆಯಿರಿ. ನಿಲ್ಲಿಸಿ. ಬ್ರಷ್‌ನ ಎರಡೂ ಬದಿಯನ್ನು ಬಟ್ಟೆಯಲ್ಲಿ ಒರೆಸಿ. ಒಂದು ಬೆರಳಗಲ ಕೆಳಗೆ ಮತ್ತೆ ಎಳೆಯಿರಿ, ಮತ್ತೆ ಒರೆಸಿ. ಅಡ್ಡ ಎಳೆತ ಬಿದ್ದ ಕೂಡಲೇ ಉದ್ದದ ಗೆರೆಗಳು ಕರಗಿ ಮೇಲ್ಮೈ ನೀರಾಗಿ ಕಾಣತೊಡಗುತ್ತದೆ.

ನನ್ನ ಮಟ್ಟಿಗೆ ಮನಸ್ಸು ತಣಿಯುವುದು ಈ ಒರೆಸುವ ಕ್ಷಣದಲ್ಲಿ. ಒರೆಸದೆ ಎಳೆದರೆ ಹಿಂದಿನ ಗೆರೆಯ ಕಡುಬಣ್ಣ ಮುಂದಿನದಕ್ಕೆ ಹತ್ತಿ ಎಲ್ಲವೂ ರಾಡಿಯಾಗುತ್ತದೆ, ಆದ್ದರಿಂದ ಪ್ರತಿ ಎಳೆತದ ಬಳಿಕ ಕೈ ನಿಲ್ಲಲೇಬೇಕು. ಆ ಬಿಡುವಿನಲ್ಲಿ ಉಸಿರೂ ನಿಧಾನವಾಗುತ್ತದೆ. ಎಳೆಯುವಾಗ ಉಸಿರು ಬಿಡಿ, ಒರೆಸುವಾಗ ಎಳೆದುಕೊಳ್ಳಿ. ಉಸಿರು ಬಿಗಿಹಿಡಿದು ಎಳೆದ ಗೆರೆ ಮಧ್ಯದಲ್ಲಿ ನಡುಗಿರುವುದನ್ನು ಕ್ಯಾನ್ವಾಸೇ ತೋರಿಸುತ್ತದೆ. ಭುಜದಿಂದ ಎಳೆಯಬೇಕು, ಬೆರಳಿನಿಂದಲ್ಲ. ಅದಕ್ಕೆ ನಿಂತು ಬಿಡಿಸುವುದು ಉತ್ತಮ. ಮಂಡಿ ನೋಯುವವರು ಎತ್ತರದ ಸ್ಟೂಲಿನಲ್ಲಿ ಕೂರಬಹುದು.

ಕೆಡುವುದು ಹೆಚ್ಚಾಗಿ ಮೂರು ಕಡೆ. ಇನ್ನಷ್ಟು ನುಣುಪಾಗಲಿ ಎಂದು ಅದೇ ಜಾಗವನ್ನು ಹತ್ತು ಸಲ ಸವರಿದರೆ ಬಣ್ಣ ಸತ್ತು ಬೂದಿಯಾಗುತ್ತದೆ. ಆಗ ನೈಫಿನಿಂದ ಕೆರೆದು ತೆಗೆದು ಆ ದಿನಕ್ಕೆ ನಿಲ್ಲಿಸಬೇಕು. ಕಿರುದೆರೆಗಳನ್ನು ಸಮಾನ ಅಂತರದಲ್ಲಿ ಹಾಕಿದರೆ ನೀರು ಸೀರೆಯ ಪಟ್ಟೆಯಾಗಿಬಿಡುತ್ತದೆ. ಹತ್ತಿರದವು ಅಗಲವಾಗಿ, ದೂರದವು ಒತ್ತಾಗಿ ಇರಬೇಕು. ನೀರಿನ ಮೇಲೆ ಬೆಳಕು ಹೊಳೆಯುವ ಮಿಂಚನ್ನು ಮೊದಲೇ ಇಟ್ಟರೆ ಅದು ಕೆಳಗಿನ ಹಸಿಬಣ್ಣದಲ್ಲಿ ಕರಗಿ ಹೋಗುತ್ತದೆ. ಬಿಳಿಗೆ ಚೂರು ಓಕರ್ ಬೆರೆಸಿ, ದಪ್ಪವಾಗಿ, ಕಟ್ಟಕಡೆಗೆ, ಐದಾರು ಕಡೆ ಮಾತ್ರ ಇಡಿ. ಇಟ್ಟಮೇಲೆ ಮುಟ್ಟಬೇಡಿ. ಪದರಗಳ ವಿಷಯದಲ್ಲಿ ಒಂದೇ ನಿಯಮ: ಕೆಳಗಿನದರಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು. ತಿರುಗುಮುರುಗಾದರೆ ಮೇಲಿನ ಪದರ ಮೊದಲು ಬಿಗಿದು ಮುಂದೆ ಬಿರುಕು ಬಿಡುತ್ತದೆ.

ಒಂದು ಕೋಣೆ, ಒಂದು ಅಡುಗೆಮನೆಯ ಫ್ಲ್ಯಾಟಿನಲ್ಲಿ ತೈಲವರ್ಣ ಕರಗಿಸುವ ಘಾಟು ದ್ರವ ಟರ್ಪೆಂಟೈನ್ ತೆರೆದಿಟ್ಟು ಕೂತರೆ ಸಮಾಧಾನದ ಬದಲು ತಲೆನೋವು ಬರುತ್ತದೆ. ಕೆಲಸದ ನಡುವೆ ಬ್ರಷ್ ತೊಳೆಯಲು ಅದು ಬೇಕಾಗಿಲ್ಲ. ಬಟ್ಟೆಯಲ್ಲಿ ಒರೆಸಿ, ಅಗಸೆ ಎಣ್ಣೆಯಲ್ಲಿ ಅದ್ದಿ ಮತ್ತೆ ಒರೆಸಿದರೆ ಸಾಕು. ಕೊನೆಗೆ ಪಾತ್ರೆ ತೊಳೆಯುವ ಸೋಪಿನಿಂದ ನೊರೆ ಬಿಳಿಯಾಗುವವರೆಗೆ ಉಜ್ಜಿ. ಇನ್ನೊಂದನ್ನು ಒತ್ತಿ ಹೇಳಬೇಕು: ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದಬುಟ್ಟಿಗೆ ಎಸೆಯಬೇಡಿ. ಎಣ್ಣೆ ಆಮ್ಲಜನಕ ಹೀರುವಾಗ ಹುಟ್ಟುವ ಶಾಖ ಹೊರಗೆ ಹೋಗಲಾಗದೆ ಬೆಂಕಿ ತಾನಾಗಿ ಹೊತ್ತಿಕೊಳ್ಳಬಹುದು. ಬಟ್ಟೆಗಳನ್ನು ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಮುಳುಗಿಸಿಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣ್ಣ ಒಣಗುವುದು ಇನ್ನೂ ತಡ, ಬೂಷ್ಟಿನ ಕಾಟ ಬೇರೆ. ಚಿತ್ರವನ್ನು ತೇವದ ಗೋಡೆಗೆ ಒರಗಿಸಬೇಡಿ, ಹಿಂಬದಿಗೆ ಗಾಳಿಯಾಡಲಿ. ಬೀರುವಿನಲ್ಲಿ ಮುಚ್ಚಿಟ್ಟರೆ ಅಗಸೆ ಎಣ್ಣೆ ಹಳದಿಯಾಗುತ್ತದೆ. ನೇರ ಬಿಸಿಲಿಲ್ಲದ ಬೆಳಕಿನಲ್ಲಿ ಕೆಲವು ವಾರ ಇಟ್ಟರೆ ಆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ. ವಾರ್ನಿಶ್‌ಗೆ ಕನಿಷ್ಠ ಆರು ತಿಂಗಳು ಕಾಯಿರಿ, ಬಣ್ಣ ದಪ್ಪವಿದ್ದರೆ ಒಂದು ವರ್ಷ. ಮಳೆಯ ತೇವದಲ್ಲಿ ಹಚ್ಚಿದರೆ ಮೇಲ್ಮೈ ಹಾಲುಬಿಳುಪಾಗಿ ಮಸುಕಾಗುತ್ತದೆ, ದೀಪಾವಳಿ ಕಳೆದ ಮೇಲಿನ ಒಣಹವೆಯಲ್ಲಿ ಹಚ್ಚಿ.